82 ಕಲ್ಲು ಅಂದಿದ್ದರು

ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾಜ್ಯ ಹೆದ್ದಾರಿಯೊಂದನ್ನು ಅಗಲ ಮಾಡುವ ಕಾಮಗಾರಿ. ಗುತ್ತಿಗೆದಾರರ ಕಡೆಯಿಂದ ನಾನು ಸೈಟ್ ಇಂಜಿನಿಯರ್. ಸೇತುವೆ ಒಬ್ಬರಿಗೆ, ಡಾಂಬರು ಇನ್ನೊಬ್ಬರಿಗೆ, ಮೋರಿಗಳೆಲ್ಲ ಮತ್ತೊಬ್ಬರಿಗೆ ಅಂತ ಹಂಚಿದ ಮೇಲೆ ನನ್ನ ಪಾಲಿಗೆ ಉಳಿದದ್ದು ಗಡಿಕಲ್ಲು.

"8 ಕಿಲೋಮೀಟರ್. 200 ಮೀಟರ್‌ಗೊಂದು ಕಲ್ಲು, ಎರಡೂ ಬದಿ. ಒಂದು ತಿಂಗಳ ಕೆಲಸ, ಆರಾಮಾಗಿ ಮಾಡಮ್ಮಾ" ಅಂದರು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್.

ಲೆಕ್ಕವೂ ಸುಲಭವೇ ಇತ್ತು. 8 ಕಿಲೋಮೀಟರಿಗೆ 200 ಮೀಟರಿನ 40 ಅಂತರ. ಅಂದರೆ ಒಂದು ಬದಿಗೆ 41 ಕಲ್ಲು, ಎರಡೂ ಬದಿ ಸೇರಿ 82. ಟೆಂಡರಿನ ಪಟ್ಟಿಯಲ್ಲೂ 82 ಅಂತಲೇ ಇತ್ತು. ಕೊನೆಗೆ ನಾವು ನೆಟ್ಟದ್ದು 131. ಹಿಡಿದದ್ದು ಏಳು ತಿಂಗಳು.

ಮೊದಲು ಈ ಕಲ್ಲು ಯಾವುದು ಅಂತ ಹೇಳಿಬಿಡುತ್ತೇನೆ. ಯಾಕಂದ್ರೆ ನಮ್ಮ ಸೈಟಿನಲ್ಲೇ ಅರ್ಧ ಜನರಿಗೆ ಗೊಂದಲ ಇತ್ತು. ರಸ್ತೆ ಪಕ್ಕ ತಲೆ ಗುಂಡಗಿದ್ದು, ಊರಿನ ಹೆಸರು, ದೂರ ಬರೆದಿರುತ್ತದಲ್ಲ, ಅದು ಕಿಲೋಮೀಟರ್ ಕಲ್ಲು. ರಾಷ್ಟ್ರೀಯ ಹೆದ್ದಾರಿಯಲ್ಲಿ ಅದರ ತಲೆಗೆ ಹಳದಿ, ರಾಜ್ಯ ಹೆದ್ದಾರಿಯಲ್ಲಿ ಹಸಿರು. ಎರಡು ಕಿಲೋಮೀಟರ್ ಕಲ್ಲಿನ ಮಧ್ಯೆ 2, 4, 6, 8 ಅಂತ ಸಂಖ್ಯೆ ಇರುವ ಗಿಡ್ಡ ಕಲ್ಲುಗಳು 200 ಮೀಟರ್ ಕಲ್ಲು. ಸರ್ಕಾರಿ ಪುಸ್ತಕದಲ್ಲಿ ಇವಕ್ಕೆ ಹೆಕ್ಟೋಮೀಟರ್ ಕಲ್ಲು ಅನ್ನುತ್ತಾರೆ. ಹೆಕ್ಟೋಮೀಟರ್ ಅಂದ್ರೆ 100 ಮೀಟರ್, ಕಲ್ಲು ಇರುವುದು 200ಕ್ಕೊಂದು. ಯಾರೂ ತಲೆ ಕೆಡಿಸಿಕೊಂಡಿಲ್ಲ. ತಿರುವಿನಲ್ಲಿ ಕಪ್ಪು ಬಿಳಿ ಪಟ್ಟೆ ಬಳಿದು, ರಾತ್ರಿ ಹೆಡ್‌ಲೈಟಿಗೆ ಹೊಳೆಯುವ ರಿಫ್ಲೆಕ್ಟರ್ ಅಂಟಿಸಿದ ಕಂಬಗಳು ಡೆಲಿನಿಯೇಟರ್. ಇವೆಲ್ಲ ವಾಹನ ಓಡಿಸುವವರಿಗಾಗಿ ಇರುವಂಥವು.

ಗಡಿಕಲ್ಲು ಅವರಿಗಲ್ಲ. ಅದು ಡಾಂಬರಿನ ಅಂಚಿನಲ್ಲಿ ನಿಲ್ಲುವುದೂ ಇಲ್ಲ. ರಸ್ತೆಗೆ ಸೇರಿದ ಜಾಗ ಎಲ್ಲಿಗೆ ಮುಗಿಯುತ್ತದೋ ಅಲ್ಲಿ, ಹೊಲದ ಬದುವಿಗೆ ಅಂಟಿಕೊಂಡು, ಮುಳ್ಳು ಪೊದೆಯೊಳಗೆ ನಿಂತಿರುತ್ತದೆ. ಬಸ್ಸಿನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಅದನ್ನು ನೋಡುವವರು ಇಬ್ಬರೇ: ಇಲಾಖೆಯವರು ಮತ್ತು ಪಕ್ಕದ ಹೊಲದವರು.

ಇದಕ್ಕೂ ಒಂದು ಮಾನದಂಡ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್, ನಮ್ಮ ಬಾಯಲ್ಲಿ ಐಆರ್‌ಸಿ, 1934ರಲ್ಲಿ ಶುರುವಾದ ಸಂಸ್ಥೆ. ರಸ್ತೆಯ ಪ್ರತಿಯೊಂದು ತುಣುಕಿಗೂ ಅದು ಒಂದೊಂದು ಪುಸ್ತಕ ಮಾಡಿದೆ. ಕಿಲೋಮೀಟರ್ ಕಲ್ಲಿಗೆ ಐಆರ್‌ಸಿ:8, 200 ಮೀಟರ್ ಕಲ್ಲಿಗೆ ಐಆರ್‌ಸಿ:26, ಗಡಿಕಲ್ಲಿಗೆ ಐಆರ್‌ಸಿ:25. ಗಡಿಕಲ್ಲಿನ ಪುಸ್ತಕ 1967ರದು. ನನಗಿಂತ ಅಲ್ಲ, ನಮ್ಮಪ್ಪನಿಗಿಂತಲೂ ಹಳೆಯದು. ನನಗೆ ಸಿಕ್ಕಿದ್ದು ಯಾರೋ ಜೆರಾಕ್ಸಿನ ಜೆರಾಕ್ಸ್ ಮಾಡಿದ ತೆಳ್ಳನೆ ಪ್ರತಿ. ಮೊದಲ ರಾತ್ರಿಯೇ ಓದಿ ಮುಗಿಸಿ, ಇಷ್ಟೇನಾ ಅಂದುಕೊಂಡು ಮಲಗಿದೆ.

ಇದರ ಜೊತೆಗೆ, ರಸ್ತೆಯ ಒಂದೊಂದು ಕೆಲಸ ಹೇಗಿರಬೇಕು ಅಂತ ಹೇಳುವ ಕೇಂದ್ರ ಸಾರಿಗೆ ಸಚಿವಾಲಯದ ದಪ್ಪ ಪುಸ್ತಕ ಒಂದಿದೆ. 2013ರ ಐದನೇ ಪರಿಷ್ಕರಣೆ. ಸೈಟಿನಲ್ಲಿ ಎಲ್ಲರೂ ಅದನ್ನು ಕರೆಯುವುದು ಆರೆಂಜ್ ಬುಕ್ ಅಂತಲೇ. ಅದರ 800ನೇ ವಿಭಾಗದಲ್ಲಿ ಬೋರ್ಡು, ಪಟ್ಟೆ, ಕಲ್ಲು, ಬೇಲಿ ಎಲ್ಲ ಬರುತ್ತವೆ. ದರ ಕಟ್ಟಲು ಬಳಸುವ ಸಚಿವಾಲಯದ ಡೇಟಾ ಬುಕ್‌ನಲ್ಲಿ ಗಡಿಕಲ್ಲಿನ ಐಟಂ ಒಂದೇ ಒಂದು ವಾಕ್ಯ. ಐಆರ್‌ಸಿ:25ರ ಮಾದರಿಯಂತೆ ಎಂ15 ಗ್ರೇಡಿನ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟು) ಕಂಬ, ಜಾಗದಲ್ಲಿ ನಿಲ್ಲಿಸಿ, ನಯ ಮಾಡಿ, ಅಕ್ಷರ ಮೂಡಿಸುವುದೂ ಸೇರಿ, ಬಣ್ಣ ಬಿಟ್ಟು.

ಆ ವಾಕ್ಯದ ಎರಡು ಮಾತು ನನ್ನನ್ನು ಆಮೇಲೆ ಚೆನ್ನಾಗಿ ಆಟ ಆಡಿಸಿದವು. ಒಂದು "ಎಂ15". ಇನ್ನೊಂದು "ಬಣ್ಣ ಬಿಟ್ಟು".

ಎಂ15 ಅಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 15 ನ್ಯೂಟನ್ ಒತ್ತಡ ತಡೆಯುವ ಕಾಂಕ್ರೀಟು. ಕೈಲೆಕ್ಕದಲ್ಲಿ ಸಿಮೆಂಟು, ಮರಳು, ಜಲ್ಲಿ 1:2:4. ಆದರೆ ಐಎಸ್ 456 ಅನ್ನುವ ಕಾಂಕ್ರೀಟಿನ ಸಂಹಿತೆ ಇದೆಯಲ್ಲ, ಅದರ 2000ನೇ ಇಸವಿಯ ಆವೃತ್ತಿ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಎಂ20ಗಿಂತ ಕಡಿಮೆ ಬೇಡ ಅನ್ನುತ್ತದೆ. ಕಾಲೇಜಿನಲ್ಲಿ ಉರು ಹೊಡೆದ ಮಾತು ಅದು. ನಾನು ದೊಡ್ಡ ತಪ್ಪು ಕಂಡುಹಿಡಿದವಳ ಹಾಗೆ ಮೇಲ್ವಿಚಾರಣೆಯ ಇಂಜಿನಿಯರ್ ಹತ್ತಿರ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, "ಈ ಕಲ್ಲಿನ ಮೇಲೆ ಮನೆ ಕಟ್ತೀಯಾ?" ಅಂದರು. ಆಮೇಲೆ ಅವರೇ, "ಮೋರಿಗೆ ಎಂ20 ಬರ್ತಿದೆಯಲ್ಲ, ಅದರಲ್ಲೇ ಉಳಿದದ್ದನ್ನ ಹಾಕ್ಕೋ. ಬಿಲ್ಲಿನಲ್ಲಿ ಮಾತ್ರ ಎಂ15 ಬರಿ" ಅಂದರು. ಹಾಗೇ ಮಾಡಿದೆವು. ಮಾನದಂಡಕ್ಕಿಂತ ಗಟ್ಟಿ ಕಲ್ಲು, ಮಾನದಂಡದ ದುಡ್ಡು.

ಎರಕದ ಕೆಲಸ ಕ್ಯಾಂಪಿನ ಹಿಂದೆ, ನೀರಿನ ತೊಟ್ಟಿಯ ಪಕ್ಕ ಶುರು ಮಾಡಿದೆವು. ಬಡಗಿ ಹತ್ತು ಮರದ ಅಚ್ಚು ಮಾಡಿಕೊಟ್ಟ. ಕಂಬದ ಮುಖದ ಮೇಲೆ "ಲೋ.ಇ." ಅಂತ ಅಕ್ಷರ ಒಳಗೆ ತಗ್ಗಾಗಿ ಮೂಡಬೇಕು. ಲೋಕೋಪಯೋಗಿ ಇಲಾಖೆ ಅಂತ. ಅದಕ್ಕೆ ಬಡಗಿ ತೆಳ್ಳನೆ ಮರದಲ್ಲಿ ಅಕ್ಷರ ಕೆತ್ತಿ ಅಚ್ಚಿನ ಒಳಗೋಡೆಗೆ ಮೊಳೆ ಹೊಡೆದ. ನಾನೂ ಬಗ್ಗಿ ನೋಡಿದೆ. "ಲೋ.ಇ." ಅಂತ ಸ್ಪಷ್ಟವಾಗಿ ಓದಬಹುದಿತ್ತು. ಅಚ್ಚುಕಟ್ಟಾಗಿದೆ ಅಂತ ಹೊಗಳಿದೆ ಬೇರೆ.

ಸಂಜೆ ಕಬ್ಬಿಣದ ಬುಟ್ಟಿ ಇಳಿಸಿ, ಕಾಂಕ್ರೀಟ್ ಸುರಿದು, ಸರಳಿನಿಂದ ಕುಟ್ಟಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿದೆವು. ಮಾರನೆಯ ದಿನ ಮೇಸ್ತ್ರಿ ಮೊದಲ ಅಚ್ಚು ಬಿಚ್ಚಿದರು. ಕಂಬವನ್ನು ಹೊರಳಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಮೇಡಂ, ಇದನ್ನ ಓದೋಕೆ ಕನ್ನಡಿ ಬೇಕು."

ಅಚ್ಚಿನೊಳಗೆ ಅಕ್ಷರ ಸರಿಯಾಗಿ ಕಂಡರೆ ಕಲ್ಲಿನಲ್ಲಿ ಅದು ತಿರುಗಾಮುರುಗಾ ಬರುತ್ತದೆ. ರಬ್ಬರ್ ಸ್ಟಾಂಪ್ ನೋಡಿದ ಚಿಕ್ಕ ಮಗುವಿಗೂ ಗೊತ್ತು. ಬಡಗಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹತ್ತಕ್ಕೆ ಹತ್ತೂ ಉಲ್ಟಾ. ಅಳಿಸಿ ತುಂಬಿಸೋಣ ಅಂದರೆ ಮೇಲ್ವಿಚಾರಣೆಯವರು ಒಪ್ಪಲಿಲ್ಲ, ತೇಪೆ ಬೇಡ ಅಂದರು. ಆ ಹತ್ತರಲ್ಲಿ ಎರಡು ನಮ್ಮ ಸೈಟ್ ಆಫೀಸಿನ ಮೆಟ್ಟಿಲಾದವು. ಎರಡು ನೀರಿನ ಡ್ರಮ್ಮಿನ ಕೆಳಗೆ ಹೋದವು. ಉಳಿದವು ಎಲ್ಲಿ ಹೋದವೋ. ಕ್ಯಾಂಪಿನಲ್ಲಿ ಯಾರಾದರೂ ಏನಾದರೂ ತಪ್ಪು ಮಾಡಿದರೆ "ಲೋ.ಇ. ಆಯ್ತು" ಅನ್ನುವುದು ಅಲ್ಲಿಂದ ಶುರುವಾಯಿತು. ನಾನು ಬಿಡುವವರೆಗೂ ಇತ್ತು.

ಆಮೇಲೆ ಎರಕ ಒಂದು ಲಯಕ್ಕೆ ಬಂತು. ದಿನಕ್ಕೆ ಹತ್ತು, ಪ್ರತಿಯೊಂದಕ್ಕೂ ಹಾಕಿದ ದಿನಾಂಕ, ಕನಿಷ್ಠ 7 ದಿನ ನೀರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಕಲ್ಲು ಮಾಡುವುದು ಸುಲಭದ ಅರ್ಧ. ನಿಲ್ಲಿಸುವುದು ಎಲ್ಲಿ ಅನ್ನುವುದು ಇನ್ನರ್ಧ. ಆ ಅರ್ಧದ ಬಗ್ಗೆ ಐಆರ್‌ಸಿ:25 ಹೇಳುವುದು ತೀರಾ ಕಡಿಮೆ. ಗಡಿಯಲ್ಲಿ ನಿಲ್ಲಿಸಿ ಅನ್ನುತ್ತದೆ. ಗಡಿ ಎಲ್ಲಿದೆ ಅಂತ ಪುಸ್ತಕಕ್ಕೆ ಹೇಗೆ ಗೊತ್ತಿರಬೇಕು?

ನಮ್ಮ ರಸ್ತೆಗೆ ದಾಖಲೆಯಲ್ಲಿ ಇದ್ದ ಅಗಲ 30 ಮೀಟರ್. 1980ರ ಐಆರ್‌ಸಿ:73 ಪ್ರಕಾರ ಬಯಲಿನಲ್ಲಿ ರಾಜ್ಯ ಹೆದ್ದಾರಿಗೆ ಸಾಮಾನ್ಯವಾಗಿ 45 ಮೀಟರ್ ಜಾಗ ಬೇಕು, 30ರಿಂದ 60ರವರೆಗೆ ಇರಬಹುದು. ನಮ್ಮದು ಕೆಳಗಿನ ಅಂಚು. ಸರಿ, ಮಧ್ಯದಿಂದ ಆ ಕಡೆ 15, ಈ ಕಡೆ 15 ಅಂತ ನಾನು ಟೇಪು ಹಿಡಿಸಿದೆ. ಮಧ್ಯ ಅಂದರೆ ಡಾಂಬರಿನ ಮಧ್ಯ. ಅಲ್ಲಿ ಹಳೇ ಬಿಳಿ ಗೆರೆ ಇತ್ತು. ಅದಕ್ಕಿಂತ ಸ್ಪಷ್ಟವಾದ ಮಧ್ಯ ಇನ್ನೇನು ಬೇಕು ಅಲ್ವಾ?

ಎಡಬದಿಗೆ 11 ಕಲ್ಲು ನೆಟ್ಟಾಗಿತ್ತು. ಹನ್ನೆರಡನೆಯದಕ್ಕೆ ಗುಂಡಿ ತೋಡುವಾಗ ಒಬ್ಬ ಅಜ್ಜ ಬಂದು ಬದುವಿನ ಮೇಲೆ ಕೂತರು. ಬೈಯಲಿಲ್ಲ, ತಡೆಯಲಿಲ್ಲ. ಬೀಡಿ ಹಚ್ಚಿ ನೋಡುತ್ತಾ ಕೂತರು. ಗುಂಡಿ ಮೊಣಕಾಲು ಆಳ ಆದ ಮೇಲೆ ಕೇಳಿದರು:

"ಅಮ್ಮಾ, ಎಲ್ಲಿಂದ ಅಳೆದ್ರಿ?"

ತೋರಿಸಿದೆ.

"ಆ ಗೆರೆ ನಾನು ಚಿಕ್ಕವನಿದ್ದಾಗ ಇರಲಿಲ್ಲ. ಆಗ ಮಣ್ಣು ರಸ್ತೆ. ಆ ಕಡೆ ಸಾಲು ಹುಣಸೆ ಮರ ಇದ್ದವು. ಮರ ಕಡಿಯಬಾರದು ಅಂತ ಡಾಂಬರು ಹಾಕುವಾಗೆಲ್ಲಾ ಈ ಕಡೆಗೇ ಸರಿಸುತ್ತಾ ಬಂದರು. ಈಗ ಮರಾನೂ ಇಲ್ಲ, ರಸ್ತೆ ಮಾತ್ರ ಈ ಕಡೆಗೇ ಇದೆ."

ಎದ್ದು ಬಂದು, ಬೇಲಿಯ ಬುಡದಲ್ಲಿ ಕುಡುಗೋಲಿನಿಂದ ಮಣ್ಣು ಕೆದಕಿದರು. ಒಂದು ಗೇಣು ಕೆಳಗೆ ಒರಟು ಕಲ್ಲಿನ ತಲೆ ಕಂಡಿತು. ಅವರ ಸರ್ವೆ ನಂಬರಿನ ಬಾಂದು ಕಲ್ಲು. ಭೂಮಾಪನದವರು ಯಾವ ಕಾಲದಲ್ಲೋ ನೆಟ್ಟದ್ದು. ನನ್ನ ಗುಂಡಿ ಅದಕ್ಕಿಂತ 1.4 ಮೀಟರ್ ಹೊಲದ ಒಳಗಿತ್ತು.

ಆ ದಿನ ಸಂಜೆ ನಾನು ಊಟ ಮಾಡಲಿಲ್ಲ. 11 ಕಲ್ಲು, 11 ಹೊಲ. ಎಲ್ಲರ ಜಾಗಕ್ಕೂ ಒಂದೂವರೆ ಮೀಟರ್ ಕೈ ಹಾಕಿದ್ದೆ. ಬಲಬದಿಯಲ್ಲಿ ಅಷ್ಟೇ ಜಾಗ ಸುಮ್ನೆ ಬಿಟ್ಟುಕೊಡುವವಳಿದ್ದೆ. ಮಾರನೆಯ ದಿನ ಮ್ಯಾನೇಜರ್‌ಗೆ ಹೇಳಿದೆ. ಅವರು ಬೈದರು, ನ್ಯಾಯವಾಗಿಯೇ ಬೈದರು. ಆಮೇಲೆ ಜಂಟಿ ಅಳತೆಗೆ ಪತ್ರ ಹೋಯಿತು. ಅದನ್ನು ಮೊದಲೇ ಮಾಡಬೇಕಿತ್ತು ಅಂತ ಈಗ ಗೊತ್ತು.

ಜಂಟಿ ಅಳತೆ ಅಂದರೆ ಇಲಾಖೆಯವರು, ಸರ್ಕಾರಿ ಸರ್ವೇಯರು, ನಾವು, ಹೊಲದವರು ಎಲ್ಲ ಒಟ್ಟಿಗೆ ನಿಂತು ಅಳೆಯುವುದು. ಕೇಳಲು ಚೆಂದ. ಎಲ್ಲರೂ ಒಂದೇ ದಿನ ಬರಬೇಕು, ಅದೇ ಕಷ್ಟ. ಸರ್ವೇಯರಿಗೆ ಇನ್ನೂ ಎಷ್ಟೋ ಹದ್ದುಬಸ್ತು ಅರ್ಜಿಗಳು, ಅಂದರೆ ಹೊಲದ ಗಡಿ ಗುರುತಿಸಿಕೊಡಿ ಅನ್ನುವ ಅರ್ಜಿಗಳು, ಬಾಕಿ. ಒಂದು ವಾರ ಮಳೆ. ಒಂದು ವಾರ ಚುನಾವಣೆ ಡ್ಯೂಟಿ. ಏಳು ತಿಂಗಳಲ್ಲಿ ಎರಡು ತಿಂಗಳು ಬರೀ ಕಾಯುವುದಕ್ಕೇ ಹೋಯಿತು. ಅದನ್ನು ವಿವರಿಸಿ ನಿಮ್ಮನ್ನೂ ಕಾಯಿಸುವುದಿಲ್ಲ.

ಸರ್ವೇಯರ್ ಬಂದ ದಿನ ಚೀಲದಿಂದ ಟಿಪ್ಪಣಿಯ ನಕಲು ತೆಗೆದರು. ಟಿಪ್ಪಣಿ ಅಂದರೆ ಒಂದೊಂದು ಸರ್ವೆ ನಂಬರಿನ ಅಳತೆ ಬರೆದ ಹಳೇ ಚಿತ್ರ. ಸ್ಕೇಲಿಗೆ ಬರೆದದ್ದಲ್ಲ, ಕೈಚಿತ್ರ. ಗೆರೆಗಳ ಪಕ್ಕ ಸಣ್ಣ ಅಂಕಿಗಳು. ನಾನು ಮೀಟರ್ ಇರಬಹುದು, ಅಡಿ ಇರಬಹುದು ಅಂತ ನೋಡಿದೆ. ಎರಡೂ ಅಲ್ಲ.

"ಇದು ಸರಪಳಿ, ಇದು ಆಣೆ ಮೇಡಂ" ಅಂದರು ಸರ್ವೇಯರ್.

ಆಣೆ ಅಂದರೆ ದುಡ್ಡು ಅಂತಷ್ಟೇ ಗೊತ್ತಿದ್ದ ನನಗೆ ಅವರು ಅಲ್ಲೇ ಬದುವಿನ ಮೇಲೆ ಕೂತು ಪಾಠ ಮಾಡಿದರು. ಒಂದು ಸರಪಳಿ 33 ಅಡಿ. ಅದನ್ನು ರೂಪಾಯಿಯ ಹಾಗೆ 16 ಭಾಗ ಮಾಡಿ ಒಂದೊಂದಕ್ಕೆ ಆಣೆ ಅಂತ ಹೆಸರಿಟ್ಟರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ ಯಾಕೆ 1089 ಅನ್ನುವ ವಿಚಿತ್ರ ಸಂಖ್ಯೆ ಅಂತ ನನಗೆ ಚಿಕ್ಕಂದಿನಿಂದ ಇದ್ದ ಅನುಮಾನ ಅವತ್ತು ಬಗೆಹರಿಯಿತು. 33ನ್ನು 33ರಿಂದ ಗುಣಿಸಿ ನೋಡಿ.

ಒಂದು ಆಣೆ ಎಷ್ಟಾಯಿತು? ಎರಡು ಅಡಿಗೆ ಮುಕ್ಕಾಲು ಅಂಗುಲ ಹೆಚ್ಚು. ಸುಮಾರು 63 ಸೆಂಟಿಮೀಟರ್. ನಾವು ಅವತ್ತು ನೋಡಿದ ಟಿಪ್ಪಣಿಗಳಲ್ಲಿ ಆಣೆಗಿಂತ ಚಿಕ್ಕ ಅಳತೆ ಒಂದೂ ಇರಲಿಲ್ಲ. ನನ್ನ ಕೈಯಲ್ಲಿ ಏನಿತ್ತು? ಮಿಲಿಮೀಟರ್ ತೋರಿಸುವ ಅಳತೆಯ ಯಂತ್ರ, ಟೋಟಲ್ ಸ್ಟೇಷನ್. ಕಲ್ಲಿನ ಅಗಲದಲ್ಲಿ 5 ಮಿಲಿಮೀಟರ್ ವ್ಯತ್ಯಾಸ ಬಂದರೆ ತಿರಸ್ಕರಿಸುವ ತಪಾಸಣೆ ಪಟ್ಟಿ. ಆ ಕಲ್ಲು ನಿಲ್ಲಬೇಕಾದ ಗೆರೆಯ ಅಳತೆಯೋ, ಮೊಳದ ಲೆಕ್ಕದ್ದು. ನನಗೆ ನಗು ಬಂತು. ಸರ್ವೇಯರಿಗೆ ಬರಲಿಲ್ಲ. ಅವರಿಗೆ ಇದು ದಿನದ ಊಟ.

ಅವರು ಮಾಡಿದ್ದು ಹೀಗೆ. ಮೊದಲು ಎಲ್ಲಿ ಯಾವ ಬಾಂದು ಕಲ್ಲು ಸಿಗುತ್ತದೋ ಹುಡುಕು. ಎರಡು ಮೂರು ಸಿಕ್ಕಿದರೆ ಅವುಗಳ ನಡುವಿನ ದೂರ ಟಿಪ್ಪಣಿಗೆ ಹೊಂದುತ್ತದಾ ನೋಡು. ಹೊಂದಿದರೆ ಅವುಗಳಿಂದ ರಸ್ತೆಯ ಅಂಚನ್ನು ಕಟ್ಟು. ಡಾಂಬರಿನ ಕಡೆ ತಿರುಗಿಯೂ ನೋಡಬೇಡ. 8 ಕಿಲೋಮೀಟರಿನಲ್ಲಿ ನಮಗೆ ಸಿಕ್ಕ ಬಾಂದು ಕಲ್ಲು 23. ಕೆಲವು ಮಣ್ಣೊಳಗೆ, ಕೆಲವು ಬೇಲಿ ಕತ್ತಾಳೆಯ ಬುಡದಲ್ಲಿ. ಒಂದರ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಅದನ್ನು ಕೀಳದೆ, ಸರಿಸದೆ, ಅಲ್ಲೇ ಒಗೆದುಕೊಂಡಿದ್ದಕ್ಕೆ ಸರ್ವೇಯರ್ ಕೈ ಮುಗಿದರು. ಸರ್ಕಾರ ನೆಟ್ಟ ಗಡಿ ಗುರುತನ್ನು ಕೆಡಿಸುವುದು, ಸರಿಸುವುದು ಅಪರಾಧ. ಹಳೇ ದಂಡ ಸಂಹಿತೆಯ 434ನೇ ಕಲಮಿನಲ್ಲಿ ಅದಕ್ಕೆ ಒಂದು ವರ್ಷದವರೆಗೆ ಜೈಲು ಅಂತ ಇತ್ತು. ಬಟ್ಟೆ ಒಗೆಯಬಾರದು ಅಂತ ಎಲ್ಲೂ ಇಲ್ಲ.

ಅಳತೆ ಮುಗಿದಾಗ ನನ್ನ 11 ಕಲ್ಲೂ ಕೀಳಬೇಕಾಯಿತು. ಮೂರು ಮುರಿದವು. ಅಜ್ಜನ ಹೊಲದ ಗುಂಡಿಯನ್ನು ಅವರ ಎದುರೇ ಮುಚ್ಚಿಸಿದೆ. "ಸರಿಯಾಗಿ ತುಳೀರಿ, ಎತ್ತಿನ ಕಾಲು ಸಿಕ್ಕಿಕೊಂಡೀತು" ಅಂದರು ಅಷ್ಟೇ.

ಆಮೇಲೆ ತಿರುವಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ 82 ಹೋಗಿ 131 ಆದದ್ದು ಮುಖ್ಯವಾಗಿ ಇದರಿಂದ.

ಎರಡು ಗಡಿಕಲ್ಲು ಕಂಡರೆ ಹೊಲದವರು ಏನು ಮಾಡುತ್ತಾರೆ? ಒಂದರಿಂದ ಇನ್ನೊಂದಕ್ಕೆ ನೆಟ್ಟಗೆ ದಾರ ಕಟ್ಟಿ ಬೇಲಿ ಹಾಕುತ್ತಾರೆ. ನೇರ ರಸ್ತೆಯಲ್ಲಿ ಅದು ಸರಿ. ತಿರುವಿನಲ್ಲಿ ಗಡಿ ಬಾಗಿರುತ್ತದೆ, ದಾರ ಬಾಗುವುದಿಲ್ಲ. ನಮ್ಮ ರಸ್ತೆಯಲ್ಲಿ 300 ಮೀಟರ್ ತ್ರಿಜ್ಯದ ಒಂದು ತಿರುವಿತ್ತು. ಅಲ್ಲಿ 200 ಮೀಟರಿಗೆ ಒಂದೊಂದು ಕಲ್ಲು ನೆಟ್ಟು ದಾರ ಎಳೆದರೆ, ಮಧ್ಯದಲ್ಲಿ ದಾರಕ್ಕೂ ನಿಜವಾದ ಗಡಿಗೂ ಎಷ್ಟು ಅಂತರ? ಕಾಗದದ ಮೇಲೆ ಲೆಕ್ಕ ಮಾಡಿದೆ. ಸುಮಾರು 16.5 ಮೀಟರ್ ಬಂತು. ತಪ್ಪಾಯಿತೇನೋ ಅಂತ ಮತ್ತೆ ಮಾಡಿದೆ. ಅಷ್ಟೇ ಬಂತು. ರಸ್ತೆಯ ಜಾಗದ ಅರ್ಧ ಅಗಲವೇ 15 ಮೀಟರ್. ಅಂದರೆ ತಿರುವಿನ ಹೊರಬದಿಯವರು ದಾರ ಕಟ್ಟಿದರೆ ಅದು ಡಾಂಬರಿನ ಮಧ್ಯದ ಗೆರೆಯನ್ನೂ ದಾಟಿ ಬರುತ್ತದೆ! ಒಳಬದಿಯವರು ಕಟ್ಟಿದರೆ ಅವರ ಹೊಲದ ಅಷ್ಟು ಜಾಗ ಪುಕ್ಕಟೆಯಾಗಿ ರಸ್ತೆಗೆ.

ಕಲ್ಲನ್ನು 50 ಮೀಟರಿಗೆ ಒಂದರಂತೆ ಇಟ್ಟರೆ ಆ ಅಂತರ ಒಂದು ಮೀಟರಿನ ಹತ್ತಿರ ಬರುತ್ತದೆ. 25ಕ್ಕೆ ಇಟ್ಟರೆ ಒಂದು ಗೇಣು ಚಿಲ್ಲರೆ. ಅಂತರವನ್ನು ಅರ್ಧ ಮಾಡಿದರೆ ತಪ್ಪು ಕಾಲು ಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕ ಹಿಡಿದುಕೊಂಡು ಹೋದೆ. ಈ ಸಲ ಮೇಲ್ವಿಚಾರಣೆಯ ಇಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡು ಪೂರ್ತಿ ನೋಡಿದರು. "200 ಅನ್ನೋದು ನೇರ ರಸ್ತೆಗೆ. ಗಡಿ ಎಲ್ಲಿ ಮುರಿಯುತ್ತೋ, ಎಲ್ಲಿ ಬಾಗುತ್ತೋ ಅಲ್ಲೆಲ್ಲಾ ಕಲ್ಲು ಬೇಕು. ಅದನ್ನ ಟೆಂಡರ್ ಮಾಡಿದವರು ಲೆಕ್ಕ ಹಾಕಿಲ್ಲ, ಅಷ್ಟೇ" ಅಂದರು. ಹೆಚ್ಚುವರಿ ಕಲ್ಲಿಗೆ ಮಂಜೂರಾತಿ ಬರೆದರು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಅರ್ಧ ಗಂಟೆ ಅದು.

ನಿಲ್ಲಿಸುವುದರಲ್ಲೂ ಪಾಠ ಆಯಿತು. ಮೂರು ಕಿಲೋಮೀಟರ್ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಗುಂಡಿಗೆ ಕಂಬ ಇಳಿಸಿ, ಗುಂಡು ಬಿಟ್ಟು ನೆಟ್ಟಗೆ ಮಾಡಿ, ಸುತ್ತ ಕಾಂಕ್ರೀಟ್ ತುಂಬಿ ಬಂದಿದ್ದೆವು. ಮೊದಲ ಮಳೆ ಆದ ಮೇಲೆ ನೋಡಿದರೆ ಎರೆ ಭಾಗದ ಕಲ್ಲುಗಳೆಲ್ಲ ಕುಡಿದವರ ಹಾಗೆ ಒಂದೊಂದು ಕಡೆ ವಾಲಿಕೊಂಡು ನಿಂತಿದ್ದವು. ಮೇಸ್ತ್ರಿ ಹೇಳಿದ ಉಪಾಯ ಸರಳ. ಗುಂಡಿಯನ್ನು ಬಾವಿಯ ಹಾಗೆ ನೇರ ತೋಡುವ ಬದಲು, ಕೆಳಗೆ ಅಗಲ, ಮೇಲೆ ಸಣ್ಣ ಮಾಡುವುದು. ಇನ್ನೂ ಒಂದೂವರೆ ಅಡಿ ಆಳ ಹೋಗುವುದು. ಕಾಂಕ್ರೀಟನ್ನು ನೆಲದ ಮಟ್ಟದವರೆಗೆ ತುಂಬದೆ ಮೇಲಿನ ಒಂದು ಗೇಣಿಗೆ ಮರಳು, ಗೊರಚು ಹಾಕುವುದು. ಉಬ್ಬುವ ಮಣ್ಣು ಹಿಡಿದು ಎತ್ತಲು ಮೇಲೆ ಏನೂ ಸಿಗಬಾರದು ಅನ್ನುವುದು ಅವರ ತರ್ಕ. ಪುಸ್ತಕದಲ್ಲಿ ಇರಲಿಲ್ಲ. ಮುಂದಿನ ಮಳೆಗೆ ಅವು ಕದಲಲಿಲ್ಲ.

ಊರೊಳಗಿನ ಆರುನೂರು ಮೀಟರ್ ಬೇರೆಯೇ ಕಥೆ. ಗಡಿಯ ಗೆರೆ ಒಂದು ಕಡೆ ಅಂಗಡಿಯ ಮೆಟ್ಟಿಲ ಮೇಲೆ, ಒಂದು ಕಡೆ ಕಾಂಪೌಂಡ್ ಗೋಡೆಯೊಳಗೆ. ಒತ್ತುವರಿ ತೆಗೆಸುವುದು ಇಲಾಖೆಯ ಕೆಲಸ, ಅದಕ್ಕೆ 1964ರ ಕರ್ನಾಟಕ ಹೆದ್ದಾರಿ ಕಾಯ್ದೆ ಇದೆ. ನಮಗೆ ಹೇಳಿದ್ದು ಇಷ್ಟೇ: ಸಿಕ್ಕ ಕಡೆ ನೆಲದ ಮಟ್ಟಕ್ಕೆ ಕಲ್ಲು ಹೂಳಿ, ಇಲ್ಲದ ಕಡೆ ಪಟ್ಟಿಯಲ್ಲಿ ಬರೆಯಿರಿ. ಬರೆದೆವು. ಅಲ್ಲಿ ಕೇಳಿದ ಪ್ರಶ್ನೆ ಮಾತ್ರ ಎಲ್ಲರದೂ ಒಂದೇ. "ಈ ಕಲ್ಲು ಬಿಟ್ಟು ಮನೆ ಕಟ್ಟಬಹುದಾ ಮೇಡಂ?" ಕಲ್ಲು ದಾಟಿದ ತಕ್ಷಣ ಏನು ಬೇಕಾದರೂ ಕಟ್ಟಬಹುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕಟ್ಟಡ ರೇಖೆ ಅಂತ ಒಂದಿದೆ, ಅದನ್ನು ದಾಟಿ ರಸ್ತೆಯ ಕಡೆಗೆ ಕಟ್ಟುವಂತಿಲ್ಲ. ಐಆರ್‌ಸಿ:73ರಲ್ಲಿ ಬಯಲಿನ ರಾಜ್ಯ ಹೆದ್ದಾರಿಗೆ ಎರಡೂ ಬದಿಯ ಕಟ್ಟಡ ರೇಖೆಗಳ ನಡುವೆ 80 ಮೀಟರ್, ಅಂದರೆ ಮಧ್ಯದಿಂದ ಒಂದೊಂದು ಬದಿಗೆ 40. ಅದರಾಚೆ ನಿಯಂತ್ರಣ ರೇಖೆ, ಅಲ್ಲಿಯವರೆಗೆ ಕಟ್ಟುವುದಕ್ಕೆ ನಿಯಂತ್ರಣ ಇರುತ್ತದೆ. ಅದು ಎರಡೂ ಬದಿ ಸೇರಿ ಒಟ್ಟು 150 ಮೀಟರ್. ಗಡಿಕಲ್ಲು ಹೇಳುವುದು ಜಾಗ ಯಾರದು ಅಂತ. ಅಲ್ಲಿ ಏನು ಕಟ್ಟಬಹುದು ಅಂತ ಅದು ಹೇಳುವುದಿಲ್ಲ. ಕಟ್ಟುವ ಮೊದಲು ಇಲಾಖೆಯನ್ನು ಕೇಳಿ ಅಂತಲೇ ಎಲ್ಲರಿಗೂ ಹೇಳಿ ಕಳಿಸಿದೆ.

ಕೊನೆಯಲ್ಲಿ ಬಣ್ಣ. "ಬಣ್ಣ ಬಿಟ್ಟು" ಅಂತ ಐಟಂನಲ್ಲಿ ಇತ್ತಲ್ಲ. ಹಾಗಂತ ಬಣ್ಣಕ್ಕೆ ಬೇರೆ ಐಟಂ ಇದೆಯಾ ಅಂತ ನೋಡಿದರೆ ನಮ್ಮ ಟೆಂಡರಿನಲ್ಲಿ ಅದೂ ಇರಲಿಲ್ಲ. ಬಣ್ಣ ಇಲ್ಲದ ಕಲ್ಲನ್ನು ತಪಾಸಣೆಯವರು ಒಪ್ಪುವುದಿಲ್ಲ. ಬಣ್ಣ ಹಾಕಿದರೆ ಬಿಲ್ಲಿನವರು ದುಡ್ಡು ಕೊಡುವುದಿಲ್ಲ. ಮೂರು ಪತ್ರ ಹೋದವು, ಎರಡು ಬಂದವು. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಬೇಸತ್ತು, ಕಿಲೋಮೀಟರ್ ಕಲ್ಲಿಗೆ ತಂದಿದ್ದ ಬಿಳಿ ಬಣ್ಣದಲ್ಲೇ ಬಳಿಸಿ ಮುಗಿಸಿದರು. ಪತ್ರ ಈಗಲೂ ಎಲ್ಲೋ ಓಡಾಡುತ್ತಿರಬಹುದು.

ಹಸ್ತಾಂತರದ ದಿನ ಕೊಡಬೇಕಾದದ್ದು ಕಲ್ಲಿನ ಜೊತೆ ಒಂದು ಪಟ್ಟಿ. ಪ್ರತಿ ಕಲ್ಲಿಗೂ ಒಂದು ಸಂಖ್ಯೆ, ಎಡವೋ ಬಲವೋ, ಯಾವ ಸರ್ವೆ ನಂಬರಿನ ಎದುರು, ಡಿಜಿಪಿಎಸ್‌ನಲ್ಲಿ (ಹೆಚ್ಚು ನಿಖರವಾದ ಜಿಪಿಎಸ್) ತೆಗೆದ ಪೂರ್ವ ಉತ್ತರದ ಅಂಕಿಗಳು, ಒಂದು ಫೋಟೋ. ಅಂಕಿಯಲ್ಲಿ ಮೀಟರ್ ಆದಮೇಲೆ ಚುಕ್ಕೆ ಹಾಕಿ ಮೂರು ಸ್ಥಾನ. ಸರ್ವೇಯರಿಗೆ ಒಂದು ಪ್ರತಿ ಕೊಟ್ಟೆ. ಅವರು ಮೂರನೇ ಸ್ಥಾನದ ಅಂಕಿಯನ್ನು ಬೆರಳಿನಲ್ಲಿ ಮುಚ್ಚಿ, ಆಮೇಲೆ ಎರಡನೆಯದನ್ನೂ ಮುಚ್ಚಿ, "ಇಷ್ಟು ಸಾಕು" ಅಂದು ನಕ್ಕರು.

ಕಾಮಗಾರಿ ಮುಗಿದು ಒಂದು ವರ್ಷದ ಮೇಲೆ, ನಿರ್ವಹಣೆಯ ಅವಧಿ ಇನ್ನೂ ನಮ್ಮದೇ ಇದ್ದಾಗ, ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬೀಡಿ ಅಜ್ಜ. ನನ್ನ ನಂಬರ್ ಮೇಸ್ತ್ರಿಯಿಂದ ತಗೊಂಡಿದ್ದರಂತೆ.

"ಅಮ್ಮಾ, ನಿಮ್ಮ ಕಲ್ಲು ಬಿದ್ದಿದೆ. ರಾತ್ರಿ ಕೇಬಲ್ ಹೂಳೋರು ಜೆಸಿಬಿ ತಂದಿದ್ದರು, ಕಿತ್ತು ಬಿಸಾಕಿ ಹೋಗಿದಾರೆ. ನಾನು ಮುಟ್ಟಿಲ್ಲ. ನೀವು ಬರೋವರೆಗೆ ಯಾರಿಗೂ ಮುಟ್ಟೋಕೆ ಬಿಡಲ್ಲ."

ಹೋದೆ. ಕಾಲುವೆಯ ಮಣ್ಣಿನ ಗುಡ್ಡೆಯ ಮೇಲೆ ಕಲ್ಲು ಅಡ್ಡ ಬಿದ್ದಿತ್ತು. "ಲೋ.ಇ." ಆಕಾಶ ನೋಡುತ್ತಿತ್ತು. ಹಳೇ ಗುಂಡಿ ಪೂರ್ತಿ ಕಲಸಿಹೋಗಿತ್ತು. ಪಟ್ಟಿ ತೆಗೆದು, ಉಪಕರಣ ನಿಲ್ಲಿಸಿ, ಅಂಕಿ ಹಾಕಿ ಜಾಗ ಹುಡುಕಿದೆ. ಗೂಟ ಹೊಡೆಸಿದೆ. ಅಜ್ಜ ಗೂಟ ನೋಡಿದರು, ಬೇಲಿಯ ಬುಡದ ಬಾಂದು ಕಲ್ಲಿನ ಕಡೆ ನೋಡಿದರು. ನಾಲ್ಕು ಬೆರಳು ಮಡಚಿ ನೆಲಕ್ಕಿಟ್ಟು ಅಳೆದರು.

"ಹಿಂದೆ ಇದ್ದದ್ದು ಒಂದೆರಡು ಬೆರಳು ಆ ಕಡೆ ಇತ್ತು."

"ಎಷ್ಟು ಬೆರಳು ಅಜ್ಜ?"

ಅವರು ಬಗ್ಗಿ ಗೂಟವನ್ನು ಅಲ್ಲಾಡಿಸಿ ನೋಡಿ, "ಇರಲಿ ಬಿಡು. ಇದೇ ಇರಲಿ" ಅಂದರು. ಹಾರೆ ತರಲು ಮನೆಯ ಕಡೆ ನಡೆದರು.